‘ಟು ಕಿಲ್ ಎ ಮಾಕಿಂಗ್‌ಬರ್ಡ್’: ಪೆನ್ಸಿಲ್ ಹಿಡಿದು ಓದುವವರಿಗೊಂದು ಮಾರ್ಗದರ್ಶಿ

ಹಾರ್ಪರ್ ಲೀ ಅವರ ಈ ಕಾದಂಬರಿಯನ್ನು ಎಂದೋ ಓದಿ ಬದಿಗಿಟ್ಟ ಬಹಳ ಮಂದಿಗೆ ನೆನಪಿರುವುದು ಒಂದೇ ಮುಖ, ವಕೀಲ ಆಟಿಕಸ್ ಫಿಂಚ್‌ನದು. ಅದೂ ಹಲವರ ಮಟ್ಟಿಗೆ 1962ರ ಸಿನಿಮಾದಲ್ಲಿ ಕಂಡ ಗ್ರೆಗರಿ ಪೆಕ್ ಮುಖ. ಬಿಳಿ ಯುವತಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತ, ಆಟಿಕಸ್ ವಾದಿಸಿದ ಟಾಮ್ ರಾಬಿನ್ಸನ್ ಎಂಬ ಕಪ್ಪು ಯುವಕ ನಿರಪರಾಧಿ, ಆದರೂ ಅವನಿಗೆ ಶಿಕ್ಷೆಯಾಯಿತು ಎನ್ನುವುದು ಎಲ್ಲರಿಗೂ ಗೊತ್ತು. ಹೇಗಾಯಿತು ಎಂದು ಕೇಳಿದರೆ ‘ವರ್ಣಭೇದ’ ಎನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಆ ‘ಹೇಗೆ’ಯನ್ನು ಬಿಡದೆ ಹಿಂಬಾಲಿಸಬೇಕು ಅನ್ನುವವರಿಗಾಗಿ ಈ ಬರಹ. ಈ ಕಾದಂಬರಿಯಲ್ಲಿ ಪುರಾವೆಗೆ ಬರವಿಲ್ಲ. ಟಾಮ್ ತಪ್ಪು ಮಾಡಿಲ್ಲ ಎಂಬುದು ಓದುಗರಿಗೆ ಮಾತ್ರವಲ್ಲ, ಆ ಕೋರ್ಟಿನಲ್ಲಿ ಕುಳಿತ ಬಹುತೇಕರಿಗೂ ಕಾಣುತ್ತದೆ. ಕಂಡೂ ಹನ್ನೆರಡು ಮಂದಿ ‘ಅಪರಾಧಿ’ ಎನ್ನುತ್ತಾರೆ. ಅವರ ಪಕ್ಕದಲ್ಲಿ ಒಂದು ಇಡೀ ಊರು ಸುಮ್ಮನಿರುತ್ತದೆ. ಓದುವಾಗ ಕೈಯಲ್ಲಿ ಹಿಡಿದಿರಬೇಕಾದ ಪ್ರಶ್ನೆ ಇದು.

ಕಥೆಯ ಕೊನೆಯನ್ನೂ ಇಲ್ಲಿ ಹೇಳಿದ್ದೇನೆ. ಇನ್ನೂ ಓದದವರು ಬೇಕಿದ್ದರೆ ಮೊದಲ ಎರಡು ಹೆಜ್ಜೆ ಓದಿ, ಪುಸ್ತಕ ಮುಗಿಸಿಕೊಂಡು ಬನ್ನಿ. ಮುದ್ರಣದಿಂದ ಮುದ್ರಣಕ್ಕೆ ಪುಟಸಂಖ್ಯೆ ಬದಲಾಗುವುದರಿಂದ ಅಧ್ಯಾಯದ ಸಂಖ್ಯೆಗಳನ್ನೇ ಕೊಟ್ಟಿದ್ದೇನೆ. ಒಟ್ಟು 31 ಅಧ್ಯಾಯ, ಎರಡು ಭಾಗ. ಒಂದು ಪೆನ್ಸಿಲ್, ಎರಡು ಹಾಳೆ ಇದ್ದರೆ ಸಾಕು.

ಹೆಜ್ಜೆ 1: ಎರಡು ಕಾಲಗಳನ್ನು ಗುರುತು ಹಾಕಿಕೊಳ್ಳಿ

ಕಥೆ ನಡೆಯುವುದು 1933ರಿಂದ 1935ರವರೆಗೆ, ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಮೇಕೂಂಬ್ ಎಂಬ ಕಲ್ಪಿತ ಊರಿನಲ್ಲಿ. ಪುಸ್ತಕ ಹೊರಬಂದದ್ದು 1960ರ ಜುಲೈನಲ್ಲಿ. ಮರುವರ್ಷ ಪುಲಿಟ್ಜರ್ ಬಹುಮಾನವೂ ಬಂತು. ನಡುವಿನ ಇಪ್ಪತ್ತೈದು ವರ್ಷ ಮುಖ್ಯ. ಹಾಳೆಯ ಎಡಗಡೆ ಕಥೆಯ ಕಾಲ, ಬಲಗಡೆ ಬರೆದ ಕಾಲ ಎಂದು ಎರಡು ಅಂಕಣ ಮಾಡಿ.

ಎಡಗಡೆ ಸ್ಕಾಟ್ಸ್‌ಬರೊ ಮೊಕದ್ದಮೆಯನ್ನು ಬರೆದುಕೊಳ್ಳಿ. 1931ರ ಮಾರ್ಚ್‌ನಲ್ಲಿ ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂದು ಹಿಡಿದರು. ಎರಡೇ ವಾರದಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆ ವಿಧಿಸಿದರು. ಜ್ಯೂರಿಯಲ್ಲಿ, ಅಂದರೆ ಅಪರಾಧ ತೀರ್ಮಾನಿಸುವ ನಾಗರಿಕರ ತಂಡದಲ್ಲಿ, ಇದ್ದವರೆಲ್ಲ ಬಿಳಿಯರು. 1933ರ ಮರುವಿಚಾರಣೆಯಲ್ಲಿ ಆ ಯುವತಿಯರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಕೋರ್ಟಿಗೆ ಬಂದು ಅಂಥದ್ದೇನೂ ನಡೆದೇ ಇಲ್ಲ ಎಂದಳು. ಆಗಲೂ ಜ್ಯೂರಿ ‘ಅಪರಾಧಿ’ ಎಂದೇ ಹೇಳಿತು. ವೈದ್ಯಕೀಯ ಸಾಕ್ಷ್ಯ ಆರೋಪದ ಜೊತೆ ತಾಳೆಯಾಗುವುದಿಲ್ಲವೆಂದು ಆ ತೀರ್ಪನ್ನು ರದ್ದು ಮಾಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತರು. ಅಲ್ಲಿ ನ್ಯಾಯಾಧೀಶರೂ ಮತ ಕೇಳಿ ಗೆಲ್ಲಬೇಕಿತ್ತು ಎಂಬುದು ನಮ್ಮ ಓದುಗರಿಗೆ ಹೊಸದಾಗಿರಬಹುದು.

ಬಲಗಡೆ ಎರಡು ಸಂಗತಿ ಸಾಕು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಂದವರನ್ನು ಬಿಳಿಯರ ಜ್ಯೂರಿ ಸುಮಾರು ಒಂದೇ ಗಂಟೆಯಲ್ಲಿ ಖುಲಾಸೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಕಪ್ಪು ಜನ ಸಿಟಿ ಬಸ್ಸುಗಳಿಗೆ ಬಹಿಷ್ಕಾರ ಹಾಕಿದರು. ಲೀ ಬರೆಯಲು ಕುಳಿತದ್ದು ಈ ಗಾಳಿಯಲ್ಲಿ. ಅವರ ತಂದೆಯೂ ವಕೀಲರು. 1919ರಲ್ಲಿ ಕೊಲೆ ಆರೋಪ ಹೊತ್ತ ಕಪ್ಪು ತಂದೆ-ಮಗನ ಪರವಾಗಿ ಅವರು ನಿಂತಿದ್ದರು. ಇಬ್ಬರಿಗೂ ಗಲ್ಲಾಯಿತು.

ಇನ್ನೊಂದು ಮಾತು. ಓದುತ್ತಾ ನಮಗೆ ನಮ್ಮ ಜಾತಿ, ನಮ್ಮ ಕೇರಿ, ಹೋಟೆಲಿನ ಬೇರೆ ಲೋಟ ನೆನಪಾಗದೆ ಇರುವುದಿಲ್ಲ. ನೆನಪಾಗಲಿ. ಆದರೆ ‘ನಮ್ಮಲ್ಲೂ ಹೀಗೇ’ ಎಂದು ಮೂರನೇ ಅಧ್ಯಾಯದಲ್ಲೇ ಷರಾ ಬರೆದುಬಿಟ್ಟರೆ ಮೇಕೂಂಬ್ ಕಣ್ಣಿಗೆ ಬೀಳುವುದೇ ಇಲ್ಲ. ಆ ಊರಿನ ಅನ್ಯಾಯಕ್ಕೆ ಅದರದೇ ಆದ ಕೀಲು-ತಿರುಪು ಇದೆ. ಮೊದಲು ಅದನ್ನು ಬಿಚ್ಚಿ ನೋಡಿ, ಹೋಲಿಕೆ ಆಮೇಲೆ.

ಹೆಜ್ಜೆ 2: ಬೂ ರ‍್ಯಾಡ್ಲಿಯ ಬಗ್ಗೆ ಯಾರು ಏನಂದರು, ಪಟ್ಟಿ ಮಾಡಿ

ಮೊದಲ ಭಾಗದ ಹನ್ನೊಂದು ಅಧ್ಯಾಯ ಮಕ್ಕಳಾಟ ಎಂದು ಹಾರಿಸಿ ನೇರ ಕೋರ್ಟಿಗೆ ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ವಿಚಾರಣೆಗೆ ಬೇಕಾದ ತಾಲೀಮು ಇಲ್ಲೇ ನಡೆಯುವುದು.

ಕಥೆ ಹೇಳುವ, ಆಟಿಕಸ್‌ನ ಮಗಳು ಸ್ಕೌಟ್‌ಗೆ ಆರಂಭದಲ್ಲಿ ಇನ್ನೂ ಆರು ತುಂಬಿಲ್ಲ. ಅಣ್ಣ ಜೆಮ್ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಬೇಸಿಗೆಗೆ ಬರುವ ಗೆಳೆಯ ಡಿಲ್. ಅವರ ಬೀದಿಯಲ್ಲೇ ಬೂ ರ‍್ಯಾಡ್ಲಿ ಎಂಬ, ವರ್ಷಗಟ್ಟಲೆ ಮನೆಯಿಂದ ಹೊರಗೆ ಬಾರದ ಮನುಷ್ಯ ಇದ್ದಾನೆ. ಅವನ ಸುತ್ತ ಅಂತೆಕಂತೆಗಳ ಸಂತೆಯೇ ನೆರೆದಿದೆ: ರಾತ್ರಿ ಓಡಾಡುತ್ತಾನಂತೆ, ಹಸಿ ಅಳಿಲು ತಿನ್ನುತ್ತಾನಂತೆ, ಚಳಿಗೆ ಹೂಗಿಡ ಮುದುಡಿದರೆ ಅವನು ಉಸಿರು ಬಿಟ್ಟದ್ದಕ್ಕಂತೆ. ಅವರ ಮನೆಯ ಮರದಿಂದ ಶಾಲೆಯ ಅಂಗಳಕ್ಕೆ ಬಿದ್ದ ಕಾಯಿಯನ್ನು ಮಕ್ಕಳು ಮುಟ್ಟುವುದಿಲ್ಲ.

ಎರಡನೇ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಮಾತು, ಎರಡನೆಯದರಲ್ಲಿ ಅದನ್ನು ಹೇಳಿದವರು, ಮೂರನೆಯದರಲ್ಲಿ ಅವರು ಕಣ್ಣಾರೆ ಕಂಡಿದ್ದಾರೆಯೇ ಎಂಬುದು. ಮೂರನೇ ಅಂಕಣ ಬಹುಮಟ್ಟಿಗೆ ಖಾಲಿ ಉಳಿಯುತ್ತದೆ. ಅದರ ಎದುರಿಗೆ ಬೂ ನಿಜವಾಗಿ ಮಾಡಿದ್ದನ್ನು ಬರೆಯಿರಿ: ಮರದ ಪೊಟರೆಯಲ್ಲಿ ಮಕ್ಕಳಿಗಾಗಿ ಇಟ್ಟ ಚ್ಯೂಯಿಂಗ್ ಗಮ್, ಹಳೆಯ ನಾಣ್ಯ, ಸೋಪಿನಲ್ಲಿ ಕೆತ್ತಿದ ಗೊಂಬೆ, ಕೆಟ್ಟ ಜೇಬುಗಡಿಯಾರ. ಎಂಟನೇ ಅಧ್ಯಾಯದಲ್ಲಿ ಬೆಂಕಿ ಬಿದ್ದ ರಾತ್ರಿ ಸ್ಕೌಟ್‌ಳ ಹೆಗಲಿಗೆ ಅವಳಿಗೇ ತಿಳಿಯದಂತೆ ಹೊದಿಸಿದ ಕಂಬಳಿಯನ್ನೂ ಸೇರಿಸಿ.

ಹತ್ತನೇ ಅಧ್ಯಾಯದಲ್ಲಿ ಶೀರ್ಷಿಕೆಯ ಹಕ್ಕಿ ಬರುತ್ತದೆ. ಬೆಳೆ ತಿನ್ನದ, ಹಾಡುವುದೊಂದೇ ಕೆಲಸವಾದ ಅದನ್ನು ಕೊಲ್ಲುವುದು ಪಾಪ ಎಂಬ ಮಾತು. ಪರೀಕ್ಷೆಗೆ ಓದಿದವರಿಗೆ ಇದು ಬಾಯಿಪಾಠ, ಆದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಹೆಜ್ಜೆ 3: 17ರಿಂದ 21ನೇ ಅಧ್ಯಾಯವನ್ನು ಕೇಸ್ ಫೈಲಿನಂತೆ ಓದಿ

ಇಲ್ಲಿ ನಿಧಾನಿಸಿ. ಮೊದಲ ಓದಿನಲ್ಲಿ ನಾವೆಲ್ಲ ಆಟಿಕಸ್‌ನ ಕೊನೆಯ ಭಾಷಣಕ್ಕೆ ಓಡುತ್ತೇವೆ. ಆ ಭಾಷಣ ಬರುವ ಹೊತ್ತಿಗೆ ಎಲ್ಲವೂ ಸಾಬೀತಾಗಿ ಮುಗಿದಿರುತ್ತದೆ.

ಮೊದಲು ಕೋರ್ಟಿನ ನಕ್ಷೆ ಬರೆಯಿರಿ. ಕೆಳಗೆ ಬಿಳಿಯರು, ಮೇಲೆ ಬಾಲ್ಕನಿಯಲ್ಲಿ ಕಪ್ಪು ಜನ. ಮಕ್ಕಳಿಗೆ ಕೆಳಗೆ ಜಾಗ ಸಿಗದೆ ಪಾದ್ರಿ ಸೈಕ್ಸ್ ಜೊತೆ ಮೇಲೆ ಹೋಗುತ್ತಾರೆ. ಅಲ್ಲಿ ಮುಂದಿನ ಸಾಲಿನ ನಾಲ್ವರು ಎದ್ದು ಅವರಿಗೆ ಜಾಗ ಬಿಡುತ್ತಾರೆ. ಇಡೀ ವಿಚಾರಣೆಯನ್ನು ನಾವು ನೋಡುವುದು ಆ ಬಾಲ್ಕನಿಯಿಂದ ಎಂಬುದನ್ನು ಮರೆಯಬೇಡಿ. ಒಂದು ಬದಿಗೆ ಜ್ಯೂರಿಯ ಹನ್ನೆರಡು ಮಂದಿ, ಹೆಚ್ಚಾಗಿ ಹಳ್ಳಿಯ ರೈತರು, ಎಲ್ಲ ಬಿಳಿಯರು, ಎಲ್ಲ ಗಂಡಸರು. ಅಲಬಾಮಾದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1966ರಲ್ಲಿ. ನಮ್ಮ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈಗ ಜ್ಯೂರಿಯೇ ಇಲ್ಲವಾದ್ದರಿಂದ ಒಂದು ವಿಷಯ ತಿಳಿದಿರಲಿ: ಅಲ್ಲಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವವರು ಈ ಹನ್ನೆರಡು ಮಂದಿ, ನ್ಯಾಯಾಧೀಶರಲ್ಲ. ಎಲ್ಲರೂ ಒಮ್ಮತಕ್ಕೆ ಬರಬೇಕು.

ಇನ್ನು ಸಾಕ್ಷಿಗಳು. ಒಬ್ಬೊಬ್ಬರಿಗೂ ಅರ್ಧ ಪುಟ ಬಿಟ್ಟುಕೊಳ್ಳಿ.

ಶೆರೀಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಹೆಕ್ ಟೇಟ್: ಹಿಂದಿನ ನವೆಂಬರ್ 21ರ ಸಂಜೆ ಬಾಬ್ ಯೂಯೆಲ್ ಬಂದು ಕರೆದ, ಹೋದೆ, ಅವನ ಮಗಳು ಮೇಯೆಲ್ಲಾಗೆ ಹೊಡೆತ ಬಿದ್ದಿತ್ತು ಎನ್ನುತ್ತಾನೆ. ಆಟಿಕಸ್‌ನ ಮೊದಲ ಪ್ರಶ್ನೆ, ಡಾಕ್ಟರನ್ನು ಕರೆಸಿದಿರಾ? ಇಲ್ಲ. ಆಮೇಲೆ ಯಾವ ಕಣ್ಣಿಗೆ ಪೆಟ್ಟು? ಟೇಟ್ ಮೊದಲು ಎಡ ಅನ್ನುತ್ತಾನೆ, ಯೋಚಿಸಿ ಬಲ ಎಂದು ತಿದ್ದಿಕೊಳ್ಳುತ್ತಾನೆ. ಅವನ ಮುಖದಲ್ಲಿ ಏನೋ ಹೊಳೆದ ಹಾಗಾಗುತ್ತದೆ. ಕತ್ತಿನ ಸುತ್ತಲೂ ಬೆರಳ ಗುರುತು, ಅಂದರೆ ಎರಡೂ ಕೈ ಬಳಸಿ ಹಿಸುಕಿದ್ದು. ಈ ಮೂರು ಅಂಶಕ್ಕೆ ಅಡಿಗೆರೆ ಎಳೆಯಿರಿ.

ಬಾಬ್ ಯೂಯೆಲ್: ಹುಡುಗಿಯ ಅಪ್ಪ. ಓದು ಬರಹ ಬರುತ್ತದೆಯೇ ಎಂದು ಕೇಳಿ ಲಕೋಟೆಯ ಹಿಂದೆ ಹೆಸರು ಬರೆಸುತ್ತಾರೆ. ಎಡಗೈಯಲ್ಲಿ ಬರೆಯುತ್ತಾನೆ. ಎದುರಿಗೆ ನಿಂತವರ ಬಲಗಣ್ಣಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಯಾವ ಕೈಯಿಂದ ಎಂದು ನೀವೇ ಎದ್ದು ನಿಂತು ಮಾಡಿ ನೋಡಿ. ಮನೆಯವರು ನಕ್ಕರೂ ಪರವಾಗಿಲ್ಲ.

ಮೇಯೆಲ್ಲಾ ಯೂಯೆಲ್: ಇವಳನ್ನು ಬಹುತೇಕರು ಸುಳ್ಳುಗಾತಿ ಎಂದು ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತೊಂಬತ್ತು ವರ್ಷ, ಏಳು ಮಂದಿ ತಮ್ಮ ತಂಗಿಯರನ್ನು ಸಾಕಬೇಕು, ಅಪ್ಪ ಕುಡುಕ, ಮನೆ ಕಸದ ಗುಂಡಿಯ ಪಕ್ಕ. ಆ ಅಂಗಳದ ಮೂಲೆಯಲ್ಲಿ ಕೆಂಪು ಜೆರೇನಿಯಂ ಹೂಗಿಡಗಳನ್ನು ಬೆಳೆಸಿದ್ದಾಳೆ. ಗೆಳೆಯರು ಯಾರು ಎಂದು ಕೇಳಿದರೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಆಟಿಕಸ್ ಮರ್ಯಾದೆಯಿಂದ ಮಾತಾಡಿಸಿದರೆ ಗೇಲಿ ಮಾಡುತ್ತಿದ್ದಾರೆ ಎಂದು ಸಿಟ್ಟಾಗುತ್ತಾಳೆ, ಯಾಕೆಂದರೆ ಹಾಗೆ ಯಾರೂ ಮಾತಾಡಿಸಿದ್ದಿಲ್ಲ. ಟಾಮ್ ಮುಖಕ್ಕೆ ಹೊಡೆದನೇ ಎಂದಾಗ ನೆನಪಿಲ್ಲ ಅನ್ನುತ್ತಾಳೆ, ಮರುಕ್ಷಣ ಹೌದು ಹೊಡೆದ ಅನ್ನುತ್ತಾಳೆ. ಅಪ್ಪನ ಬಗ್ಗೆ ಕೇಳಿದಾಗ ಅರ್ಧಕ್ಕೆ ನಿಂತ ವಾಕ್ಯವನ್ನು ಹುಡುಕಿ ಗುರುತು ಮಾಡಿ. ಅವಳಿಗೆ ಮನೆಯಲ್ಲಿ ಆಗುತ್ತಿರುವ ಅನ್ಯಾಯವನ್ನು ಆ ಕೋರ್ಟಿನಲ್ಲಿ ಯಾರೂ ವಿಚಾರಿಸುವುದಿಲ್ಲ. ಅವಳಿಗೆ ಇರುವ ಒಂದೇ ಬಲ ಬಿಳಿ ಬಣ್ಣ, ಅದನ್ನು ತನಗಿಂತ ಕೆಳಗಿನವನ ಮೇಲೆ ಹೊರಿಸುತ್ತಾಳೆ. ಮರುಕವನ್ನೂ ತಪ್ಪನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕಾದ ಪಾತ್ರ.

ಟಾಮ್ ರಾಬಿನ್ಸನ್: 25 ವರ್ಷ, ಹೆಂಡತಿ ಹೆಲೆನ್, ಮೂವರು ಮಕ್ಕಳು. ಚಿಕ್ಕವನಿದ್ದಾಗ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕ ಎಡಗೈ, ಬಲಗೈಗಿಂತ ಒಂದಡಿ ಗಿಡ್ಡ, ಉಪಯೋಗಕ್ಕೆ ಬಾರದು. ಪ್ರಮಾಣ ಮಾಡಲು ಬೈಬಲ್ ಮೇಲೆ ಇಟ್ಟರೆ ಜಾರಿ ಬೀಳುತ್ತದೆ. ಈಗ ಹಿಂದಿನ ಅಡಿಗೆರೆಗಳಿಗೆ ಹಿಂತಿರುಗಿ: ಬಲಗಣ್ಣು, ಕತ್ತಿನ ಸುತ್ತ ಎರಡು ಕೈಯ ಗುರುತು. ಲೆಕ್ಕ ಮುಗಿಯಿತು.

ಆದರೆ ಇಷ್ಟಕ್ಕೆ ಪುಸ್ತಕ ಮುಚ್ಚಿದರೆ ಪತ್ತೇದಾರಿ ಕಥೆ ಓದಿದ ಹಾಗೆ. ಸರ್ಕಾರಿ ವಕೀಲ ಗಿಲ್ಮರ್ ಟಾಮ್‌ಗೆ ಹಾಕುವ ಪಾಟೀಸವಾಲನ್ನು 19ನೇ ಅಧ್ಯಾಯದಲ್ಲಿ ಎರಡು ಸಲ ಓದಿ. ಮೊದಲು ಹಳೆಯ ಶಿಕ್ಷೆಯ ಮಾತು ಬರುತ್ತದೆ. ಹಿಂದೊಮ್ಮೆ ಹೊಡೆದಾಟದಲ್ಲಿ ಇಬ್ಬರಿಗೂ ಶಿಕ್ಷೆಯಾಗಿತ್ತು. ಇನ್ನೊಬ್ಬ ದಂಡ ಕಟ್ಟಿ ಮನೆಗೆ ಹೋದ, ಟಾಮ್ ಬಳಿ ದುಡ್ಡಿರಲಿಲ್ಲ, ಜೈಲಿಗೆ ಹೋದ. ಅದೀಗ ಅವನ ನಡತೆಗೆ ಸಾಕ್ಷಿ! ಆಮೇಲೆ, ಮೇಯೆಲ್ಲಾಳ ಕೆಲಸವನ್ನು ಬಿಟ್ಟಿಯಾಗಿ ಯಾಕೆ ಮಾಡಿಕೊಟ್ಟೆ ಎಂಬ ಪ್ರಶ್ನೆ. ಅವಳನ್ನು ಕಂಡು ಪಾಪ ಅನಿಸಿತು ಎನ್ನುತ್ತಾನೆ ಟಾಮ್. ಕೋರ್ಟಿಗೆ ಕೋರ್ಟೇ ಬಿಗಿಯುತ್ತದೆ. ಸಾಕ್ಷ್ಯವೆಲ್ಲ ಅವನ ಪರವಾಗಿದ್ದ ಹೊತ್ತಿನಲ್ಲಿ ಅವನು ಸೋಲುವ ಜಾಗ ಇದು. ಕಪ್ಪು ಮನುಷ್ಯ ಬಿಳಿ ಹೆಂಗಸಿನ ಮೇಲೆ ಕೈ ಮಾಡಿದ್ದಾನೋ ಇಲ್ಲವೋ ಎಂಬುದನ್ನು ಆಮೇಲೆ ಯಾರೂ ಕೇಳುವುದಿಲ್ಲ. ಅವಳ ಬಗ್ಗೆ ಮರುಗುವ ಎತ್ತರದಲ್ಲಿ ಅವನು ನಿಂತನಲ್ಲ, ಆ ಊರಿಗೆ ಅದು ತಡೆಯಲಾರದ ಅಪರಾಧ.

ಅವನಿಗೆ ಬೇರೆ ದಾರಿಯಿತ್ತೇ ಎಂಬುದನ್ನೂ ಹಾಳೆಯಲ್ಲಿ ಬರೆದು ನೋಡಿ. ಆ ಸಂಜೆ ತನ್ನನ್ನು ಅಪ್ಪಿಕೊಂಡ ಮೇಯೆಲ್ಲಾಳನ್ನು ತಳ್ಳಿ ಬಿಡಿಸಿಕೊಂಡಿದ್ದರೆ ಬಿಳಿ ಹೆಂಗಸಿಗೆ ಹೊಡೆದವನು. ನಿಂತಿದ್ದರೆ ಅಪ್ಪನ ಕೈಗೆ ಸಿಗುವವನು. ಓಡಿದ, ಓಡಿದ್ದೇ ತಪ್ಪೊಪ್ಪಿಗೆ ಎಂದಾಯಿತು. ಕೋರ್ಟಿನಲ್ಲಿ ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನುವಂತಿಲ್ಲ, ತಪ್ಪು ತಿಳಿದುಕೊಂಡಿದ್ದಾಳೆ ಎಂದಷ್ಟೇ ಹೇಳಬೇಕು.

ಹೆಜ್ಜೆ 4: ಒಳ್ಳೆಯವರ ಲೆಕ್ಕ ತೆಗೆಯಿರಿ

ಯೂಯೆಲ್‌ನನ್ನು ದ್ವೇಷಿಸುವುದು ಸುಲಭ. ಊರಿನವರೂ ಅವನನ್ನು ಕೀಳಾಗಿಯೇ ಕಾಣುತ್ತಾರೆ. ಆದರೂ ಅವನ ಮಾತು ಗೆದ್ದಿತು. ಗೆಲ್ಲಿಸಿದವರನ್ನು 22ರಿಂದ 26ನೇ ಅಧ್ಯಾಯಗಳಲ್ಲಿ ಹುಡುಕಿ.

23ನೇ ಅಧ್ಯಾಯದಲ್ಲಿ ಜೆಮ್ ಅಪ್ಪನಿಗೆ ಕೇಳುವ ಪ್ರಶ್ನೆಗಳಿಗೆ ಸಾಲುಸಾಲಾಗಿ ಗುರುತು ಹಾಕಿ. ಪೇಟೆಯ ಓದಿದ ಜನ ಜ್ಯೂರಿಯಲ್ಲಿ ಯಾಕೆ ಕೂರುವುದಿಲ್ಲ? ನೆರೆಹೊರೆಯವರ ಕೋಪ, ಅಂಗಡಿಯ ಗಿರಾಕಿ ತಪ್ಪಿಹೋಗುವ ಭಯ. ಕೈ ತೊಳೆದುಕೊಂಡವರ ಜಾಗವನ್ನು ಆ ರೈತರು ತುಂಬಿದ್ದಾರೆ. ಅವರಲ್ಲೊಬ್ಬ, ಕನಿಂಗ್‌ಹ್ಯಾಮ್ ಕುಲದವನು, ಖುಲಾಸೆ ಮಾಡಬೇಕೆಂದು ಬಹಳ ಹೊತ್ತು ಹಟ ಹಿಡಿದಿದ್ದ ಎಂಬುದೂ ಇಲ್ಲೇ ತಿಳಿಯುತ್ತದೆ. ಹಿಂದೆ 15ನೇ ಅಧ್ಯಾಯದಲ್ಲಿ ಟಾಮ್‌ನನ್ನು ಜೈಲಿನಿಂದ ಎಳೆದೊಯ್ಯಲು ಬಂದ ಗುಂಪಿನಲ್ಲೂ ಅದೇ ಕುಲದವರಿದ್ದರು.

24ನೇ ಅಧ್ಯಾಯದ ಟೀ ಪಾರ್ಟಿ ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯಂತ ಕ್ರೂರ ಅಧ್ಯಾಯ. ಅಲ್ಲಿ ಯಾರೂ ದನಿ ಏರಿಸುವುದಿಲ್ಲ. ಚರ್ಚಿನ ಹೆಂಗಸರು ಆಫ್ರಿಕಾದ ಯಾವುದೋ ಬುಡಕಟ್ಟಿನ ಕಷ್ಟಕ್ಕೆ ಕಣ್ಣೀರು ಹಾಕುತ್ತಾರೆ. ಅದೇ ಉಸಿರಿನಲ್ಲಿ, ತೀರ್ಪಿನ ನಂತರ ಮನೆಗೆಲಸದ ಕಪ್ಪು ಹೆಂಗಸು ಮುಖ ಊದಿಸಿಕೊಂಡಿದ್ದಾಳೆ ಎಂದು ಗೊಣಗುತ್ತಾರೆ. ಆ ನಡುವೆಯೇ ಸುದ್ದಿ ಬರುತ್ತದೆ: ಜೈಲಿನ ಬೇಲಿ ಹತ್ತುತ್ತಿದ್ದ ಟಾಮ್‌ಗೆ ಕಾವಲುಗಾರರು ಗುಂಡು ಹೊಡೆದರು. ಹದಿನೇಳು ಗುಂಡು. ಅಡುಗೆಮನೆಯಲ್ಲಿ ಅದನ್ನು ಕೇಳಿದವರು ಸಾವರಿಸಿಕೊಂಡು, ಹೊರಗೆ ಬಂದು ತಟ್ಟೆಯಲ್ಲಿ ತಿಂಡಿ ಹಂಚುತ್ತಾರೆ. 26ರಲ್ಲಿ ಮಿಸ್ ಗೇಟ್ಸ್ ಎಂಬ ಟೀಚರ್ ಹಿಟ್ಲರ್ ಯಹೂದಿಗಳಿಗೆ ಮಾಡಿದ ಅನ್ಯಾಯವನ್ನು ಖಂಡಿಸುತ್ತಾರೆ. ಕೋರ್ಟಿನ ಮೆಟ್ಟಿಲ ಮೇಲೆ ಅವರು ಕಪ್ಪು ಜನರ ಬಗ್ಗೆ ಆಡಿದ ಮಾತು ಸ್ಕೌಟ್‌ಗೆ ನೆನಪಿದೆ. ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ.

ಹೆಜ್ಜೆ 5: ಆಟಿಕಸ್‌ನನ್ನೂ ಕಟಕಟೆಗೆ ಕರೆಯಿರಿ

ಅವನ ಮೇಲೆ ನಮಗಿರುವ ಪ್ರೀತಿ ಓದಿಗೆ ಅಡ್ಡ ಬರುತ್ತದೆ. ಈ ವಕಾಲತ್ತನ್ನು ಅವನು ತಾನಾಗಿ ವಹಿಸಿಕೊಂಡದ್ದಲ್ಲ, ನ್ಯಾಯಾಧೀಶ ಟೇಲರ್ ನೇಮಿಸಿದ್ದು. ಮನೆಗೆಲಸದ ಕ್ಯಾಲ್ಪರ್ನಿಯಾ ಅವನ ಮಕ್ಕಳನ್ನು ಸಾಕಿದವಳು, ಆದರೆ ಊರಿನ ವ್ಯವಸ್ಥೆ ಬದಲಾಗಬೇಕೆಂದು ಅವನು ಬೀದಿಗಿಳಿಯುವುದಿಲ್ಲ. 1992ರಲ್ಲಿ ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು ಇದೇ ಆಕ್ಷೇಪ ಎತ್ತಿದಾಗ ಅಮೆರಿಕದ ವಕೀಲರು ಅವರ ಮೇಲೆ ಮುಗಿಬಿದ್ದರು. 2015ರಲ್ಲಿ ಲೀ ಅವರ ಹಳೆಯ ಹಸ್ತಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಅಚ್ಚಾಯಿತು. ಅದರಲ್ಲಿ ಮುದಿ ಆಟಿಕಸ್ ಬಿಳಿಯರ ಹಿತ ಕಾಯುವ ಸಭೆಯಲ್ಲಿ ಕುಳಿತಿರುವುದನ್ನು ಕಂಡು ಎಷ್ಟೋ ಓದುಗರು ಕಂಗಾಲಾದರು. ನನಗನಿಸುವುದು, ಮೊದಲ ಪುಸ್ತಕವನ್ನೇ ಗಮನವಿಟ್ಟು ಓದಿದ್ದರೆ ಅಷ್ಟು ಆಘಾತ ಆಗಬೇಕಿರಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಟಾಮ್‌ನದು. ಕಟಕಟೆಯಲ್ಲಿ ಬಿಟ್ಟರೆ ಅವನ ದನಿ ನಮಗೆ ಕೇಳುವುದೇ ಇಲ್ಲವೆನ್ನಬೇಕು. ಮನೆಯಲ್ಲಿ ಅವನು ಹೇಗಿದ್ದ, ಜೈಲಿನಲ್ಲಿ ಏನು ಯೋಚಿಸಿದ, ಮೇಲ್ಮನವಿಯ ಭರವಸೆ ಇದ್ದೂ ಬೇಲಿ ಹತ್ತಲು ಯಾಕೆ ಹೋದ? ಹೆಲೆನ್‌ಗೆ ಸಾವಿನ ಸುದ್ದಿ ಮುಟ್ಟಿದ ಕ್ಷಣವನ್ನೂ ಡಿಲ್ ನೋಡಿ ಹೇಳಿದ್ದರಿಂದ ನಾವು ತಿಳಿಯುತ್ತೇವೆ. ನಿರಪರಾಧಿಯನ್ನು ಮುಗ್ಧ ಹಕ್ಕಿಯಾಗಿ ಕಾಣುವ ಬರಹದ ಮಿತಿ ಇದು. ಹಕ್ಕಿಗೆ ಸಿಟ್ಟು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಕಪ್ಪು ಓದುಗರು ಈ ಪುಸ್ತಕದ ಬಗ್ಗೆ ಮುನಿಸಿಕೊಂಡರೆ ಅದಕ್ಕೆ ಕಾರಣವಿದೆ.

28ನೇ ಅಧ್ಯಾಯದಲ್ಲಿ ಮಕ್ಕಳ ಮೇಲೆ ಎರಗಿದ ಯೂಯೆಲ್, ಅವರನ್ನು ಉಳಿಸಲು ಬಂದ ಬೂನ ಕೈಯಲ್ಲಿ ಸಾಯುತ್ತಾನೆ. ಯೂಯೆಲ್ ತನ್ನ ಚಾಕುವಿನ ಮೇಲೆ ತಾನೇ ಬಿದ್ದ ಎಂದು 30ನೇ ಅಧ್ಯಾಯದಲ್ಲಿ ಶೆರೀಫ್ ತೀರ್ಮಾನಿಸಿಬಿಡುತ್ತಾನೆ, ವಿಚಾರಣೆಯೇ ಇಲ್ಲ. ನಿರಪರಾಧಿ ಟಾಮ್‌ಗೆ ಸಿಕ್ಕ ಕೋರ್ಟು ಅವನನ್ನು ಉಳಿಸಲಿಲ್ಲ, ಬೂ ಉಳಿದದ್ದು ಕೋರ್ಟಿಗೆ ಹೋಗದೆ ಇದ್ದುದರಿಂದ. ಇದು ಸರಿಯೇ ಎಂದು ನಿಮ್ಮ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ನನ್ನ ಉತ್ತರ ಓದಿದ ಸಲವೆಲ್ಲ ಬೇರೆಯಾಗಿದೆ.

ಹೆಜ್ಜೆ 6: ಗುಂಪಿನಲ್ಲಿ ಓದುವುದಾದರೆ

ಸಾಕ್ಷ್ಯದ ಅಧ್ಯಾಯಗಳನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಕಪ್ಪು ಜನರನ್ನು ಹೀಯಾಳಿಸುವ ಬೈಗುಳ ಪದೇ ಪದೇ ಬರುತ್ತದೆ. ಅದನ್ನು ಉಚ್ಚರಿಸುವುದೋ ಬಿಡುವುದೋ ಎಂದು ಶುರುವಿಗೆ ಮುನ್ನವೇ ಮಾತಾಡಿಕೊಳ್ಳಿ, ನಡುವೆ ಮುಜುಗರ ಬೇಡ. ಓದಿದ ಮೇಲೆ ‘ಟಾಮ್ ತಪ್ಪಿತಸ್ಥನೇ’ ಎಂದು ಕೇಳಬೇಡಿ, ಎಲ್ಲರೂ ಇಲ್ಲ ಎಂದು ಹೇಳಿ ಬೆನ್ನು ತಟ್ಟಿಕೊಳ್ಳುತ್ತಾರೆ. ಅದರ ಬದಲು ಒಬ್ಬೊಬ್ಬರೂ ಜ್ಯೂರಿಯ ಒಬ್ಬ ರೈತನಾಗಲಿ. ನಾಳೆ ಬೆಳಿಗ್ಗೆ ಊರಿಗೆ ಹಿಂತಿರುಗಬೇಕು, ಸಾಲ ಕೊಟ್ಟವನ ಮುಖ ನೋಡಬೇಕು, ಮಗಳ ಮದುವೆ ಮಾಡಬೇಕು. ‘ಅಪರಾಧಿ’ ಎಂದು ಯಾಕೆ ಕೈ ಎತ್ತಿದೆ ಎಂಬುದನ್ನು ಆ ರೈತನ ಬಾಯಲ್ಲಿ ಹೇಳಲಿ. ಮಾತು ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮ ಕೇರಿ, ನಮ್ಮ ಪಂಚಾಯ್ತಿಯ ಹೋಲಿಕೆಗೆ ಈಗ ಹೊತ್ತು.

ಮಕ್ಕಳ ಜೊತೆ ಓದುವವರಿಗೆ: ಅತ್ಯಾಚಾರ ಎಂದರೇನು ಎಂದು 14ನೇ ಅಧ್ಯಾಯದಲ್ಲಿ ಸ್ಕೌಟ್ ಕೇಳಿಯೇ ಬಿಡುತ್ತಾಳೆ. ಅಪ್ಪ ಕಾನೂನು ಪುಸ್ತಕದ ಭಾಷೆಯಲ್ಲಿ, ಅಳುಕದೆ ಉತ್ತರ ಕೊಡುತ್ತಾನೆ. ನಿಮ್ಮನ್ನೂ ಕೇಳುತ್ತಾರೆ, ಸಿದ್ಧರಾಗಿರಿ. ಹೈಸ್ಕೂಲಿನ ಕೊನೆಯ ವರ್ಷಗಳ ಮಕ್ಕಳಿಗೆ ಸರಿಹೋಗುತ್ತದೆ.

ಹೆಜ್ಜೆ 7: ಪುಸ್ತಕ ಮುಚ್ಚಿದ ಮೇಲೆ ಒಂದು ನಿಜ ಮೊಕದ್ದಮೆ

ಮೇಕೂಂಬ್‌ಗೆ ಮಾದರಿಯಾದ ಊರು ಲೀ ಹುಟ್ಟಿದ ಮನ್ರೋವಿಲ್. ಅಲ್ಲಿನ ಹಳೆಯ ಕೋರ್ಟು ಈಗ ವಸ್ತುಸಂಗ್ರಹಾಲಯ. ಊರಿನವರೇ ಸೇರಿ ಈ ಕಥೆಯನ್ನು ನಾಟಕವಾಗಿ ಆಡುತ್ತಾರೆ, ದೂರದಿಂದ ಜನ ನೋಡಲು ಬರುತ್ತಾರೆ. ಅದೇ ಊರಿನಲ್ಲಿ 1986ರಲ್ಲಿ ಬಿಳಿ ಯುವತಿಯೊಬ್ಬಳ ಕೊಲೆಯಾಯಿತು. ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಆ ಹೊತ್ತಿನಲ್ಲಿ ಅವನು ಮನೆಯಲ್ಲಿದ್ದ ಎಂದು ಹೇಳಿದ ಕಪ್ಪು ಸಾಕ್ಷಿಗಳನ್ನು ಯಾರೂ ನಂಬಲಿಲ್ಲ. ವಿಚಾರಣೆಗೂ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ಜೊತೆ ಇರಿಸಿದ್ದರು. 1988ರಲ್ಲಿ ಜ್ಯೂರಿ ಜೀವಾವಧಿ ಶಿಕ್ಷೆ ಎಂದಿತು, ನ್ಯಾಯಾಧೀಶ ಅದನ್ನು ಮರಣದಂಡನೆಗೆ ಏರಿಸಿದ. ಬ್ರಯಾನ್ ಸ್ಟೀವನ್ಸನ್ ಎಂಬ ವಕೀಲರು ಹೋರಾಡಿ, 1993ರಲ್ಲಿ ಅವನು ಬಿಡುಗಡೆಯಾದ.

ಸ್ಟೀವನ್ಸನ್ 2014ರಲ್ಲಿ ಬರೆದ ‘ಜಸ್ಟ್ ಮರ್ಸಿ’ ಪುಸ್ತಕದಲ್ಲಿ ಈ ಮೊಕದ್ದಮೆಯ ವಿವರ ಇದೆ. ಅದನ್ನು ಓದುವಾಗ ನಿಮ್ಮ ಮೂರು ಅಂಕಣದ ಹಾಳೆಯನ್ನು ಮತ್ತೆ ತೆಗೆಯಿರಿ: ಯಾರು ಹೇಳಿದರು, ಏನು ಹೇಳಿದರು, ಕಣ್ಣಾರೆ ಕಂಡಿದ್ದರೇ. ಲೀ ಅವರ ಪುಸ್ತಕದಲ್ಲಿ ಸಿಗದ ಒಂದು ಇದರಲ್ಲಿದೆ. ಆರೋಪಿಯ ಮನೆಯವರು, ನೆಂಟರು, ನೆರೆಹೊರೆಯವರು ಇಲ್ಲಿ ತಾವೇ ಮಾತಾಡುತ್ತಾರೆ.